ಮೃಗಶಿರೆಯಿಂದ ಹಿಂದಕ್ಕೆ ಎಣಿಸಿ: ಹಾಸನದ ಹಿತ್ತಲಲ್ಲಿ ವಸಂತದ ತರಕಾರಿ

ಯುಗಾದಿಗೆ ಹೊಸ ಬಟ್ಟೆಯ ಜೊತೆ ಹೊಸ ಸಲಿಕೆಯನ್ನೂ ತಂದು ನಾನು ಮೊದಲ ಸಲ ಹಿತ್ತಲಿಗೆ ಇಳಿದೆ. ಹಬ್ಬದ ಮಾರನೇ ದಿನವೇ ಟೊಮ್ಯಾಟೊ ಬೀಜ ಹಾಕಿದೆ. ಗಿಡ ಸೊಂಟದ ಎತ್ತರಕ್ಕೆ ಬಂತು, ಗೊಂಚಲು ಗೊಂಚಲಾಗಿ ಕಾಯಿ ಕಟ್ಟಿತು. ಇನ್ನೇನು ಬಣ್ಣ ತಿರುಗಬೇಕು, ಅಷ್ಟರಲ್ಲಿ ಮುಂಗಾರು ಹಿಡಿಯಿತು. ವಾರಪೂರ್ತಿ ಸೋನೆ. ಎಲೆ ಸುಟ್ಟ ಹಾಗಾಯಿತು, ಕಾಂಡ ಕಪ್ಪಾಯಿತು, ಕಾಯಿ ಗಿಡದಲ್ಲೇ ಕೊಳೆಯಿತು. ಇಪ್ಪತ್ತು ಗಿಡದಿಂದ ಸಿಕ್ಕಿದ್ದು ಒಂದು ದಿನದ ಸಾರಿಗೆ ಆಗುವಷ್ಟು ಹಣ್ಣು.

ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಆಚೆಯಿಂದ ನೋಡಿ ಹೇಳಿದ್ದು ಇಷ್ಟೇ: "ಯಾವತ್ತು ಬೀಜ ಹಾಕ್ಬೇಕು ಅಂತ ಯುಗಾದಿನ ಕೇಳ್ಬೇಡಮ್ಮ, ಮೃಗಶಿರೆ ಮಳೆನ ಕೇಳು."

ಅವತ್ತಿನಿಂದ ನಾನು ಹಿಂದಕ್ಕೆ ಎಣಿಸುತ್ತೇನೆ.

ಮೊದಲ ಕೆಲಸ: ಕ್ಯಾಲೆಂಡರ್ ತೆಗೆಯಿರಿ

ಮೃಗಶಿರೆ ಮಳೆ ಶುರುವಾಗುವುದು ಜೂನ್ 7–8ರ ಹೊತ್ತಿಗೆ. ಮುಂಗಾರು ನಮ್ಮ ಕಡೆ ಕಾಲಿಡುವುದೂ ಸರಿಸುಮಾರು ಆಗಲೇ. ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿ ಕಡೆಯವರಿಗೆ ಆಮೇಲೆ ಮೂರು ತಿಂಗಳು ಹಿತ್ತಲಿನ ಬಾಗಿಲು ತೆಗೆಯುವುದೇ ಕಷ್ಟ. ಹಾಸನ, ಬೇಲೂರು, ಚಿಕ್ಕಮಗಳೂರು ಪೇಟೆಯವರಿಗೆ ಸ್ವಲ್ಪ ಸಡಿಲ ಇದೆ. ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದವರು ಈ ವಿಷಯದಲ್ಲಿ ಆರಾಮ. ಅವರ ತಲೆನೋವು ಬೇರೆ, ನೀರು.

ಹಾಸನ ಆಲೂಗಡ್ಡೆಯ ಸೀಮೆ. ಮೇ, ಜೂನಲ್ಲಿ ಸುತ್ತಲಿನ ಹೊಲಗಳಲ್ಲಿ ಆಲೂಗಡ್ಡೆ ಬಿತ್ತುತ್ತಾರೆ. ಆಲೂಗಡ್ಡೆಯನ್ನು ಕಾಡುವ ಅಂಗಮಾರಿ ರೋಗವೇ ಟೊಮ್ಯಾಟೊವನ್ನೂ ಕಾಡುತ್ತದೆ. ಅದಕ್ಕೆ ಬೇಕಾದ್ದು ತಂಪು, ಮೋಡ, ಒದ್ದೆ ಎಲೆ. ಜೂನಲ್ಲಿ ಇಲ್ಲಿ ಮೂರೂ ಧಾರಾಳ. ಹಾಗಾಗಿ ಟೊಮ್ಯಾಟೊ ಕೊಯ್ಲು ಮಳೆಗೆ ಮೊದಲೇ ಬಹುಪಾಲು ಮುಗಿದಿರಬೇಕು.

ಲೆಕ್ಕ ಹೀಗೆ. ಟೊಮ್ಯಾಟೊ ಒಟ್ಲಿನಲ್ಲಿ, ಅಂದರೆ ಸಸಿ ಎಬ್ಬಿಸುವ ಕಡೆ, 25–30 ದಿನ ಇರುತ್ತದೆ. ನಾಟಿ ಮಾಡಿದ ಮೇಲೆ ಮೊದಲ ಹಣ್ಣಿಗೆ 65–70 ದಿನ. ಕೊಯ್ಯುವುದಕ್ಕೆ ಒಂದು ತಿಂಗಳಾದರೂ ಬೇಕು. ಒಟ್ಟು 120ರಿಂದ 130 ದಿನ. ಜೂನ್ 8ರಿಂದ ಹಿಂದಕ್ಕೆ ಎಣಿಸಿ, ಜನವರಿ ಕೊನೆ, ಫೆಬ್ರವರಿ ಮೊದಲ ವಾರಕ್ಕೆ ಬಂದು ನಿಲ್ಲುತ್ತೀರಿ. ಯುಗಾದಿ ಎಲ್ಲಿ, ಇದೆಲ್ಲಿ! ಅದು ತಪ್ಪಿದರೆ ಬೀಜ ಹಾಕಬೇಡಿ, ಮಾರ್ಚ್ ಮೊದಲ ಹತ್ತು ದಿನದೊಳಗೆ ಪೈರು ತಂದು ನೆಡಿ.

ಬೆಂಡೆ 45–50 ದಿನಕ್ಕೆ ಮೊದಲ ಕಾಯಿ ಕೊಡುತ್ತದೆ. ಆಮೇಲೆ ಒಂದೂವರೆ ತಿಂಗಳು ಕೊಯ್ಯಬಹುದು. ಆದ್ದರಿಂದ ಮಾರ್ಚ್ 10ರೊಳಗೆ ಬೀಜ ಬೀಳಬೇಕು. ಹೀರೆ, ಹಾಗಲ ಇನ್ನೊಂದು ವಾರ ಮುಂಚೆ. ಸೌತೆ, ಹುರುಳಿಕಾಯಿ, ಅಲಸಂದೆ ಮಾರ್ಚ್ 25ರವರೆಗೂ ನಡೆಯುತ್ತದೆ. ಸಾಂಬಾರ್ ಸೌತೆ ಮಾರ್ಚ್ 20ರೊಳಗೆ. ಸೊಪ್ಪಿಗೆ 25–30 ದಿನ ಸಾಕು, ಮೇ ಹತ್ತರವರೆಗೂ ಚೆಲ್ಲುತ್ತಾ ಇರಿ.

ಬದನೆ, ಮೆಣಸಿನಕಾಯಿ ಗಿಡ, ಬಸಳೆ, ಸೀಮೆಬದನೆ ಇವೆಲ್ಲ ಮಳೆಯನ್ನೂ ದಾಟುವ ಜಾತಿ. ಇವಕ್ಕೆ ದಿನದ ಅವಸರ ಇಲ್ಲ, ಬುಡದಲ್ಲಿ ನೀರು ನಿಲ್ಲಬಾರದು ಅಷ್ಟೇ.

ಹಾಗಂತ ಬೇಗ ಹಾಕುತ್ತೇನೆ ಎಂದು ಸಂಕ್ರಾಂತಿಗೇ ಬೆಂಡೆ ಬೀಜ ಊರಲು ಹೋಗಬೇಡಿ. ಒಂದು ವರ್ಷ ನಾನು ಅದನ್ನೂ ಮಾಡಿ ನೋಡಿದೆ. ಎರಡು ವಾರ ಕಾದರೂ ಮೊಳಕೆ ಇಲ್ಲ. ಕೆದಕಿ ನೋಡಿದರೆ ಬೀಜ ಕೊಳೆತಿತ್ತು. ಬೆಂಡೆಗೂ ಬಳ್ಳಿ ತರಕಾರಿಗಳಿಗೂ ಬೆಚ್ಚನೆಯ ಮಣ್ಣು ಬೇಕು. ಶಿವರಾತ್ರಿಗೆ ಚಳಿ ಶಿವ ಶಿವ ಅಂತ ಓಡಿಹೋಗುತ್ತದೆ ಅಂತಾರಲ್ಲ, ಅದನ್ನೇ ಗಡಿ ಇಟ್ಟುಕೊಳ್ಳಿ. ಟೊಮ್ಯಾಟೊ ಬೀಜವನ್ನು ಮಾತ್ರ ಅದಕ್ಕೆ ಮೊದಲು ಅಡುಗೆಮನೆ ಕಿಟಕಿಯ ಹತ್ತಿರ, ಬೆಚ್ಚಗಿರುವ ಕಡೆ ಹಾಕಬಹುದು.

ಜಾಗ

ನಮ್ಮದು 30×40 ಸೈಟು. ಮನೆ ಕಟ್ಟಿ ಹಿಂದೆ ಉಳಿದದ್ದು ಹತ್ತಡಿಗೆ ಮೂವತ್ತಡಿ. ಅದರಲ್ಲಿ ಓಡಾಡುವ ದಾರಿ, ಬಟ್ಟೆ ಒಗೆಯುವ ಕಲ್ಲು ಬಿಟ್ಟರೆ ಬೆಳೆಗೆ ಸಿಗುವುದು 15–16 ಚದರ ಮೀಟರ್. ನಾಲ್ಕು ಜನರ ಮನೆಗೆ ಅದೇ ಸಾಕಷ್ಟು.

ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಗಂಟೆಗೊಮ್ಮೆ ಹೋಗಿ ಎಲ್ಲಿ ಬಿಸಿಲು ಬಿದ್ದಿದೆ ನೋಡಿ. ಆರು ಗಂಟೆ ಬಿಸಿಲು ಬೀಳುವ ಜಾಗ ಕಾಯಿಪಲ್ಲೆಗೆ, ಮೂರು ನಾಲ್ಕು ಗಂಟೆ ಬೀಳುವ ಜಾಗ ಸೊಪ್ಪಿಗೆ. ತೋಟದ ಮನೆಯವರಿಗೆ ಇದೇ ದೊಡ್ಡ ಸಮಸ್ಯೆ. ಮೂಡಿಗೆರೆ ಹತ್ತಿರದ ನನ್ನ ತವರಿನಲ್ಲಿ ಮನೆ ಸುತ್ತ ಸಿಲ್ವರ್ ಮರ, ಹಲಸು. ಬೆಂಡೆ ಗಿಡ ಆಕಾಶ ನೋಡುತ್ತಾ ಉದ್ದವಾಗುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ. ಅಮ್ಮ ಕೊನೆಗೆ ಕಾಫಿ ಒಣಗಿಸುವ ಕಣದ ಅಂಚಿಗೆ ಹಿತ್ತಲನ್ನು ಸಾಗಿಸಿದರು. ಮಾರ್ಚ್ ಹೊತ್ತಿಗೆ ಕಣ ಹೇಗೂ ಖಾಲಿ.

ಮಣ್ಣು: ಇಲ್ಲಿ ಸ್ವಲ್ಪ ನಿಧಾನಿಸಿ

ಮಲೆನಾಡಿನ ಕೆಂಪು ಮಣ್ಣು ಹುಳಿ ಮಣ್ಣು. ವರ್ಷ ವರ್ಷ ಬೀಳುವ ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿರುತ್ತದೆ. ಹುಳಿ ಜಾಸ್ತಿ ಇದ್ದರೆ ಎಷ್ಟು ಗೊಬ್ಬರ ಹಾಕಿದರೂ ಗಿಡ ತಗೊಳ್ಳುವುದಿಲ್ಲ. ಕಾಫಿ ತೋಟಕ್ಕೆ ಸುಣ್ಣ ಹೊಡೆಯುವುದು ಎಲ್ಲರಿಗೂ ಗೊತ್ತು, ಹಿತ್ತಲಿಗೆ ಹಾಕಬೇಕು ಎನ್ನುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಕೃಷಿ ಸುಣ್ಣ ಚದರ ಮೀಟರಿಗೆ 200 ಗ್ರಾಂ, ಅಂದರೆ ಎರಡು ಮೂರು ಹಿಡಿ. ಮಣ್ಣು ಅಗೆದು, ಸುಣ್ಣ ಎರಚಿ, ಬೆರೆಸಿ, ನೀರು ಚಿಮುಕಿಸಿ ಎರಡು ಮೂರು ವಾರ ಸುಮ್ಮನೆ ಬಿಡಿ. ಸುಣ್ಣ ಮತ್ತು ಕೊಟ್ಟಿಗೆ ಗೊಬ್ಬರವನ್ನು ಒಟ್ಟಿಗೆ ಹಾಕಬೇಡಿ, ಗೊಬ್ಬರದಲ್ಲಿರುವ ಸಾರಜನಕ ಗಾಳಿಗೆ ಹೋಗುತ್ತದೆ. ಈ ಕೆಲಸ ಜನವರಿ ಕೊನೆಗೇ ಮುಗಿದಿದ್ದರೆ ಒಳ್ಳೆಯದು.

ಆದರೆ ಕಣ್ಣುಮುಚ್ಚಿ ಸುಣ್ಣ ಸುರಿಯಬೇಡಿ. ಕಡೂರು, ಅರಸೀಕೆರೆ ಕಡೆ ಅದು ಬೇಕಾಗುವುದಿಲ್ಲ. ಪೇಟೆಯ ಹೊಸ ಬಡಾವಣೆಯವರಿಗೂ ಎಷ್ಟೋ ಸಲ ಬೇಕಾಗುವುದಿಲ್ಲ. ನಿಮ್ಮ ಹಿತ್ತಲಲ್ಲಿರುವುದು ಪಾಯ ತೆಗೆದ ಮಣ್ಣು, ಜೊತೆಗೆ ಗಾರೆ, ಸಿಮೆಂಟಿನ ಚೂರು. ಸುಣ್ಣ ಅದರಲ್ಲೇ ಇದೆ. ಅನುಮಾನ ಇದ್ದರೆ ಮಣ್ಣು ಪರೀಕ್ಷೆ ಮಾಡಿಸಿ. ಹಾಸನದವರಿಗೆ ಕಂದಲಿಯಲ್ಲಿ, ಚಿಕ್ಕಮಗಳೂರಿನವರಿಗೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ವಿಚಾರಿಸಿ. ಐದಾರು ಕಡೆ ಗೇಣುದ್ದ ಗುಂಡಿ ತೆಗೆದು, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗೆ ಮಣ್ಣು ಕೆರೆದು, ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ತಗೊಂಡು ಹೋಗಿ.

ಗೊಬ್ಬರ ಚದರ ಮೀಟರಿಗೆ ಮೂರರಿಂದ ನಾಲ್ಕು ಕಿಲೋ, ಚೆನ್ನಾಗಿ ಕಳಿತದ್ದು. ಕಳಿತಿದೆಯೋ ಇಲ್ಲವೋ ಮೂಸಿ ನೋಡಿ, ಸಗಣಿ ವಾಸನೆ ಇರಬಾರದು, ಮಳೆ ಬಿದ್ದ ಮಣ್ಣಿನ ವಾಸನೆ ಬರಬೇಕು. ನಾನು ಒಂದು ವರ್ಷ ಪರೀಕ್ಷೆ ಮಾಡದೆ ಟ್ರ್ಯಾಕ್ಟರಿನವರಿಂದ ಅರ್ಧ ಲೋಡು ಹಾಕಿಸಿಕೊಂಡೆ. ಬೋನಸ್ಸಾಗಿ ಬಂದದ್ದು ಗೊಣ್ಣೆಹುಳು ಮತ್ತು ಕೊನ್ನಾರಿ ಕಳೆಯ ಗೆಡ್ಡೆ. ಹುಳುವನ್ನು ಆರಿಸಿ ಕೋಳಿಗೆ ಹಾಕಿದೆ, ಅದು ಮುಗಿಯಿತು. ಕೊನ್ನಾರಿಯನ್ನು ಇವತ್ತಿಗೂ ಕೀಳುತ್ತಿದ್ದೇನೆ. ಈಗ ಗೊಬ್ಬರ ಬಂದರೆ ಗೋಣಿಯ ಮೇಲೆ ಹರಡಿ, ಗೆಡ್ಡೆ ಇದೆಯಾ ನೋಡಿಯೇ ಒಳಗೆ ಬಿಡುವುದು.

ಕಾಫಿ ಸಿಪ್ಪೆ ನಮ್ಮ ಕಡೆ ಸುಲಭವಾಗಿ ಸಿಗುತ್ತದೆ. ಹಸಿಯಾಗಿ ಮಣ್ಣಿಗೆ ಬೆರೆಸಬೇಡಿ. ಅದು ಕೊಳೆಯುವಾಗ ಗಿಡದ ಪಾಲಿನ ಸಾರಜನಕವನ್ನೇ ತಿನ್ನುತ್ತದೆ. ಸಗಣಿ ನೀರು ಹಾಕಿ ಗುಂಡಿಯಲ್ಲಿ ನಾಲ್ಕೈದು ತಿಂಗಳು ಕಳಿಯಲು ಬಿಡಿ, ಮುಂದಿನ ವರ್ಷಕ್ಕೆ ಬಂಗಾರ. ಮನೆಯ ಕಾಫಿ ಚರಟವೂ ಅಷ್ಟೆ, ಗೊಬ್ಬರದ ಗುಂಡಿಗೆ ಹೋಗಲಿ. ಗಿಡದ ಬುಡಕ್ಕೆ ದಿನಾ ಸುರಿಯುವುದರಿಂದ ಗಟ್ಟಿ ಪದರ ಕಟ್ಟುತ್ತದೆಯೇ ಹೊರತು ಬೇರೇನೂ ಲಾಭ ನನಗೆ ಕಂಡಿಲ್ಲ.

ಗೊಬ್ಬರದ ಜೊತೆ ಬೇವಿನ ಹಿಂಡಿ ಚದರ ಮೀಟರಿಗೆ 100 ಗ್ರಾಂ ಹಾಕಿದರೆ ಬೇರಿನ ಹುಳುಗಳ ಕಾಟ ಕಡಿಮೆ.

ಮಡಿ: ಮಾರ್ಚಲ್ಲಿ ತಗ್ಗು, ಮೇನಲ್ಲಿ ಎತ್ತರ

ಏರುಮಡಿ ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ಮಾರ್ಚಿನ ಬಿಸಿಲಲ್ಲಿ ಏರುಮಡಿ ಮಧ್ಯಾಹ್ನಕ್ಕೇ ಒಣಗಿ ಹಪ್ಪಳ. ತಗ್ಗು ಪಾತಿ ಮಾಡಿದರೆ ಏಪ್ರಿಲ್‌ನ ಗುಡುಗು ಮಳೆಗೆ ಅದೇ ಕೆರೆ. ಎರಡೂ ಕಷ್ಟ, ಅಲ್ವಾ?

ನಮ್ಮಲ್ಲಿ ಆಲೂಗಡ್ಡೆಯವರು ಮಾಡುವುದನ್ನೇ ನೋಡಿ ಕಲಿತೆ. ಎರಡಡಿಗೊಂದು ಸಾಲು ತೆಗೆಯಿರಿ, ಅರ್ಧ ಅಡಿ ಆಳ. ತೆಗೆದ ಮಣ್ಣು ಪಕ್ಕದಲ್ಲಿ ಬದುವಾಗಿ ನಿಲ್ಲಲಿ. ಗಿಡ ನೆಡುವುದು ಬದುವಿನ ನೆತ್ತಿಯಲ್ಲಲ್ಲ, ಒಳ ಇಳಿಜಾರಿನಲ್ಲಿ, ಸಾಲಿನ ತಳದಿಂದ ನಾಲ್ಕು ಬೆರಳು ಮೇಲೆ. ಮಾರ್ಚಲ್ಲಿ ನೀರು ಸಾಲಿನಲ್ಲಿ ನಿಂತು ಬೇರಿಗೆ ಸಿಗುತ್ತದೆ. ಏಪ್ರಿಲಲ್ಲಿ ಎರಡು ಮಳೆ ಬಿದ್ದ ಮೇಲೆ, ಮಣ್ಣು ಹದಕ್ಕೆ ಬಂದಾಗ, ಬದುವಿನ ಮಣ್ಣನ್ನು ಎಳೆದು ಗಿಡದ ಬುಡಕ್ಕೆ ಏರಿಸಿ. ಈಗ ಗಿಡ ಎತ್ತರದಲ್ಲಿದೆ, ಬದು ಇದ್ದ ಜಾಗ ಕಾಲುವೆ. ಅದರ ಬಾಯಿ ತಗ್ಗಿನ ಕಡೆ ತೆರೆದಿರಲಿ.

ಟೊಮ್ಯಾಟೊ, ಬದನೆ, ಮೆಣಸು, ಬೆಂಡೆಗೆ ಇದೇ ಸರಿ. ಬಳ್ಳಿಗಳಿಗೆ ಗುಂಡಿ: ಒಂದೂವರೆ ಅಡಿ ಅಗಲ, ಅಷ್ಟೇ ಆಳ, ಆರಡಿಗೆ ಒಂದು. ಗುಂಡಿಗೆ ಅರ್ಧ ಬುಟ್ಟಿ ಗೊಬ್ಬರ, ಮೇಲ್ಮಣ್ಣು, ಒಂದು ಹಿಡಿ ಬೂದಿ. ಸೊಪ್ಪಿಗೆ ಮಾತ್ರ ಚಪ್ಪಟೆ ಮಡಿ.

ಬೀಜ ಮತ್ತು ಒಟ್ಲು

ನಾಟಿ ಬೀಜವೋ, ಹೈಬ್ರಿಡ್ಡೋ ಎಂದು ಜಗಳ ಆಡುವವರಿದ್ದಾರೆ. ನನ್ನ ಲೆಕ್ಕ ಸರಳ. ಸೌತೆ, ಹೀರೆ, ಅಲಸಂದೆ, ಹರಿವೆ, ಬದನೆ, ಸೂಜಿಮೆಣಸು ಇವುಗಳ ನಾಟಿ ಬೀಜ ಪಕ್ಕದ ಮನೆಯವರಿಂದ ತಗೊಳ್ಳಿ. ಈ ಗಾಳಿಗೆ ಒಗ್ಗಿದ್ದು, ಮುಂದಿನ ವರ್ಷಕ್ಕೂ ಇಟ್ಟುಕೊಳ್ಳಬಹುದು. ಟೊಮ್ಯಾಟೊಗೆ ಮಾತ್ರ ನಾನು ರೋಗ ತಡೆಯುವ ತಳಿಯನ್ನೇ ಹುಡುಕುತ್ತೇನೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು ನಂಜು (ವೈರಸ್), ಸೊರಗು ರೋಗ, ಎಲೆಚುಕ್ಕೆ ಅಂಗಮಾರಿ ಮೂರನ್ನೂ ತಡೆದುಕೊಳ್ಳುವ ಹಾಗೆ ಮಾಡಿದ್ದು. ಅದು ಹೈಬ್ರಿಡ್, ಅದರ ಹಣ್ಣಿನ ಬೀಜ ಎತ್ತಿಡಬೇಡಿ. ಹುರುಳಿಕಾಯಿಗೆ ಅವರದೇ ಅರ್ಕಾ ಕೋಮಲ್ ಒಳ್ಳೆಯದು, ಪೊದೆಯಾಗಿ ಬೆಳೆಯುವುದರಿಂದ ಚಪ್ಪರದ ಕೆಲಸ ಇಲ್ಲ. ದಂಟಿಗೆ ಅರ್ಕಾ ಸುಗುಣ, ಮತ್ತೆ ಮತ್ತೆ ಕತ್ತರಿಸಿಕೊಳ್ಳಬಹುದು.

ಒಟ್ಲಿಗೆ ಪ್ಲಾಸ್ಟಿಕ್ ಟ್ರೇ ಬೇಕೆಂದಿಲ್ಲ. ಅಡಿಕೆ ಹಾಳೆ, ತೆಂಗಿನ ಚಿಪ್ಪು, ತಳಕ್ಕೆ ತೂತು ಮಾಡಿದ ಹಾಲಿನ ಪ್ಯಾಕೆಟ್ಟು, ಯಾವುದಾದರೂ ಸರಿ. ಎರಡು ಪಾಲು ತೆಂಗಿನ ನಾರಿನ ಪುಡಿ, ಒಂದು ಪಾಲು ಎರೆಗೊಬ್ಬರ. ಬೀಜ ಎಷ್ಟು ದಪ್ಪವೋ ಅದರ ಎರಡರಷ್ಟು ಆಳಕ್ಕೆ ಊರಿ, ಮೇಲೆ ತೆಳ್ಳಗೆ ಪುಡಿ ಉದುರಿಸಿ. ನೀರು ಬೆಳಗ್ಗೆ ಮಾತ್ರ ಕೊಡಿ. ಸಂಜೆ ನೀರು ಹಾಕಿದರೆ ರಾತ್ರಿಯ ತಂಪಿಗೆ ಎಳೆ ಸಸಿಯ ಬುಡ ಕೊಳೆತು ಅಡ್ಡ ಬೀಳುತ್ತದೆ.

ಬೆಂಡೆ ಬೀಜ ರಾತ್ರಿ ನೆನೆಸಿ. ಹಾಗಲದ ಬೀಜದ ಸಿಪ್ಪೆ ಗಟ್ಟಿ. ಉಗುರು ಕತ್ತರಿಯಲ್ಲಿ ತುದಿ ಸ್ವಲ್ಪವೇ ಚಿವುಟಿ, ಒಂದು ದಿನ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಕ್ಕಿ ಡಬ್ಬದ ಪಕ್ಕ ಇಡಿ. ಬಾಯಿ ಬಿಟ್ಟ ಮೇಲೆ ಗುಂಡಿಗೆ. ಒಂದು ಗುಂಡಿಗೆ ನಾಲ್ಕು ಬೀಜ ಹಾಕಿ, ಎರಡು ಗಟ್ಟಿ ಗಿಡ ಉಳಿಸಿ ಉಳಿದದ್ದು ಕತ್ತರಿಸಿ. ಕೀಳಬೇಡಿ, ಪಕ್ಕದ್ದರ ಬೇರೂ ಅಲ್ಲಾಡುತ್ತದೆ. ಕತ್ತರಿಸಲು ಮನಸ್ಸೇ ಬರುವುದಿಲ್ಲ, ಗೊತ್ತು. ನಾಲ್ಕನ್ನೂ ಉಳಿಸಿದ ವರ್ಷ ನನಗೆ ಬಳ್ಳಿ ಸಿಕ್ಕಿತು, ಕಾಯಿ ಸಿಗಲಿಲ್ಲ.

ಸೊಪ್ಪಿನ ಬೀಜ ಸಣ್ಣದು. ಮರಳು ಬೆರೆಸಿ ಚೆಲ್ಲಿದರೆ ಎಲ್ಲ ಕಡೆ ಸಮ ಬೀಳುತ್ತದೆ. ಕೊತ್ತಂಬರಿ ಕಾಳನ್ನು ಚಪ್ಪಲಿ ಅಡಿ ಉಜ್ಜಿ ಎರಡು ಹೋಳು ಮಾಡಿ ಹಾಕಿ. ಆದರೆ ಏಪ್ರಿಲ್ ಬಿಸಿಲಲ್ಲಿ ಕೊತ್ತಂಬರಿ ಬೇಗ ಹೂವಿಗೆ ಹೋಗುತ್ತದೆ, ಅದನ್ನು ನೆರಳಿನ ಕಡೆ ಇಡಿ.

ನಾಟಿ ಮಾಡುವುದು ಸಂಜೆ ನಾಲ್ಕರ ಮೇಲೆ. ಟೊಮ್ಯಾಟೊ ಮತ್ತು ಮೆಣಸಿಗೆ ಸಾಲಿನಲ್ಲಿ ಒಂದೂವರೆ ಅಡಿ ಅಂತರ, ಬದನೆಗೆ ಎರಡು, ಬೆಂಡೆಗೆ ಒಂದು. ಟೊಮ್ಯಾಟೊ ಪೈರನ್ನು ಕೆಳಗಿನ ಎಲೆ ತೆಗೆದು ಆಳವಾಗಿ ನೆಡಬಹುದು, ಹೂತ ಕಾಂಡದಿಂದಲೂ ಬೇರು ಬರುತ್ತದೆ. ಬೇರೆ ಗಿಡಗಳಿಗೆ ಈ ಉಪಾಯ ಬೇಡ. ಮೂರು ದಿನ ಅಡಿಕೆ ಹಾಳೆ ಬಗ್ಗಿಸಿ ಪಡುವಣ ಬಿಸಿಲಿಗೆ ಅಡ್ಡ ಕೊಡಿ.

ನೀರು

ಮಾರ್ಚ್, ಏಪ್ರಿಲಲ್ಲಿ ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಬೇಕು. ನನ್ನ ಹಿತ್ತಲಿಗೆ ಅಂದರೆ ನಾಲ್ಕೈದು ಬಕೆಟ್. ನಲ್ಲಿ ನೀರು ದಿನಾ ಬರದ ಬಡಾವಣೆಯಲ್ಲಿ ಇದು ಸಣ್ಣ ಮಾತಲ್ಲ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಎರಡು ಬಕೆಟ್ ಆಗುತ್ತದೆ. ಅದನ್ನು ಚೆಲ್ಲಬೇಡಿ. ಬಟ್ಟೆ ತೊಳೆದ ಸೋಪಿನ ನೀರು ಬಾಳೆಗೆ ಹೋಗಲಿ, ಸೊಪ್ಪಿನ ಮಡಿಗೆ ಖಂಡಿತ ಬೇಡ.

ಬಳ್ಳಿಗಳಿಗೆ ಮಡಕೆ ಹೂಳುವುದು ನಾನು ನೋಡಿದ ಅತ್ಯಂತ ಒಳ್ಳೆಯ ಉಪಾಯ. ಬಣ್ಣ ಹಚ್ಚದ ಹಳೇ ಮಣ್ಣಿನ ಮಡಕೆಯನ್ನು ಗುಂಡಿಯ ನಡುವೆ ಕುತ್ತಿಗೆವರೆಗೆ ಹೂಳಿ, ಸುತ್ತ ಬೀಜ ಹಾಕಿ, ಮಡಕೆ ತುಂಬಿಸಿ ಮುಚ್ಚಳ ಮುಚ್ಚಿ. ಮುಚ್ಚಳ ಮರೆತರೆ ಸೊಳ್ಳೆ ಸಾಕಿದ ಹಾಗೆ. ನೀರು ಒಸರುತ್ತಾ ಬೇರಿಗೆ ಹೋಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿಸಿದರೆ ಸಾಕು, ಊರಿಗೆ ಹೋಗಿ ಬರಬಹುದು.

ಮಿಕ್ಕಿದ್ದಕ್ಕೆಲ್ಲ ಮುಚ್ಚಿಗೆ. ತೋಟದ ದರಗು (ಉದುರಿದ ಒಣ ಎಲೆ), ಒಣ ಹುಲ್ಲು ಮೂರು ಬೆರಳು ದಪ್ಪ, ಕಾಂಡಕ್ಕೆ ತಾಗದ ಹಾಗೆ. ಮುಚ್ಚಿಗೆ ಇದ್ದರೆ ನೀರು ಅರ್ಧದಷ್ಟಕ್ಕೆ ಇಳಿದ ಹಾಗೆ ನನಗೆ ಅನ್ನಿಸಿದೆ, ಕಳೆಯೂ ಕಡಿಮೆ. ಒಂದು ದಿನ ಒಣಗಿಸಿ ಇನ್ನೊಂದು ದಿನ ತೋಯಿಸುವ ಅಭ್ಯಾಸ ಬಿಡಿ. ಟೊಮ್ಯಾಟೊ ಕಾಯಿಯ ತಳ ಕಪ್ಪಾಗಿ ಒಳಗೆ ಕುಸಿಯುವುದು ರೋಗ ಎಂದು ಔಷಧಿ ಹೊಡೆಯುತ್ತಾರೆ. ಅದು ರೋಗವಲ್ಲ. ನೀರು ಏರುಪೇರಾಗಿ ಕಾಯಿಗೆ ಸುಣ್ಣದ ಅಂಶ ತಲುಪದೇ ಆಗುವುದು.

ಮೇಲುಗೊಬ್ಬರಕ್ಕೆ ಜೀವಾಮೃತ ಹತ್ತು ಹದಿನೈದು ದಿನಕ್ಕೊಮ್ಮೆ ಕೊಡುತ್ತೇನೆ. 20 ಲೀಟರ್ ನೀರಿಗೆ ಒಂದು ಕಿಲೋ ಸಗಣಿ, ಒಂದು ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ಎರಡು ದಿನ ನೆರಳಲ್ಲಿಟ್ಟು ದಿನಕ್ಕೆರಡು ಸಲ ಕದಡಿ. ವಾರದೊಳಗೆ ಮುಗಿಸಿ. ಇದು ಗೊಬ್ಬರಕ್ಕೆ ಬದಲಿ ಎಂದು ಮಾತ್ರ ತಿಳಿಯಬೇಡಿ.

ಹೂವು ಬಂದ ಮೇಲೆ

ಇಷ್ಟು ಹೊತ್ತಿಗೆ ಏಪ್ರಿಲ್. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದಿದ್ದರೆ ಎಂಟು ಹತ್ತು ದಿನಕ್ಕೆ ಕಾಫಿ ತೋಟಗಳೆಲ್ಲ ಬೆಳ್ಳಗಾಗಿ ಊರಿಗೆ ಊರೇ ಘಮ್ಮೆನ್ನುತ್ತದೆ. ಹಿತ್ತಲಲ್ಲೂ ಬಳ್ಳಿಗಳು ಹೂ ಬಿಡುತ್ತವೆ. "ಬರೀ ಹೂವು, ಕಾಯಿ ನಿಲ್ತಿಲ್ಲ" ಎಂಬ ದೂರು ಶುರುವಾಗುವುದು ಆಗಲೇ.

ಮೊದಲ ಒಂದು ವಾರ ಬರುವುದೆಲ್ಲ ಗಂಡು ಹೂವು, ಗಾಬರಿ ಬೇಡ. ಹೆಣ್ಣು ಹೂವಿನ ಹಿಂದೆ ಬೆರಳ ತುದಿಯಷ್ಟು ಮರಿಕಾಯಿ ಇರುತ್ತದೆ. ಅದು ಹಳದಿಯಾಗಿ ಉದುರುತ್ತಿದ್ದರೆ ಪರಾಗ ಸಿಕ್ಕಿಲ್ಲ ಎಂದರ್ಥ. ಗಂಡು ಹೂವು ಕಿತ್ತು, ದಳ ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲಗೆ ಮುಟ್ಟಿಸಿ. ಹೊತ್ತು ಮುಖ್ಯ. ಸೌತೆ, ಕುಂಬಳ, ಹಾಗಲ ಬೆಳಗ್ಗೆ ಅರಳುತ್ತವೆ. ಹೀರೆ, ಸೋರೆ, ಪಡುವಲ ಸಂಜೆ. ನಾನು ಒಂದು ವಾರ ಬೆಳಗ್ಗೆ ಬೆಳಗ್ಗೆ ಹೋಗಿ ಮುದುಡಿದ ಹೀರೆ ಹೂವಿನ ಜೊತೆ ಗುದ್ದಾಡಿದ್ದೇನೆ, ನೀವು ಹಾಗೆ ಮಾಡಬೇಡಿ.

ಟೊಮ್ಯಾಟೊಗೆ ಕೋಲು ಕೊಡಿ. ಕಾಂಡ ಮತ್ತು ಎಲೆಯ ಸಂದಿನಲ್ಲಿ ಬರುವ ಚಿಗುರು ಚಿವುಟಿ, ಕೆಳಗಿನ ಒಂದಡಿ ಎಲೆ ತೆಗೆದುಬಿಡಿ. ಬಿಸಿಲೂರುಗಳಲ್ಲಿ ಏಪ್ರಿಲ್‌ನಲ್ಲಿ ಟೊಮ್ಯಾಟೊ ಹೂವು ಉದುರುತ್ತದೆ. ನಮ್ಮಲ್ಲಿ ಹಗಲು ಕಾದರೂ ರಾತ್ರಿ ತಣ್ಣಗಾಗುತ್ತದೆ, ಕಾಯಿ ನಿಲ್ಲುತ್ತದೆ. ಈ ಒಂದು ವಿಷಯದಲ್ಲಿ ನಾವು ಪುಣ್ಯವಂತರು. ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯಿರಿ. ನೆಂಟರ ಮನೆಗೆ ಹೋಗಿ ನಾಲ್ಕು ದಿನ ಬಿಟ್ಟು ಬಂದರೆ ಅದು ಸೌದೆ.

ಹುಳ, ರೋಗ, ಮಂಗ

ಬಳ್ಳಿಗೆ ಎರಡೆಲೆ ಬಂದ ದಿನವೇ ಕೆಂಪು ದುಂಬಿ ಹಾಜರ್. ಬೆಳಗ್ಗೆ ಇಬ್ಬನಿ ಇರುವಾಗ ಜರಡಿ ಹಿಡಿದ ಒಲೆ ಬೂದಿ ಉದುರಿಸಿ. ದುಂಬಿಗಳೂ ಆ ಹೊತ್ತಿಗೆ ಮಂಪರಿನಲ್ಲಿರುತ್ತವೆ, ಕೈಯಲ್ಲೇ ಹಿಡಿದು ಸೋಪಿನ ನೀರಿಗೆ ಹಾಕಬಹುದು. ನಾಲ್ಕು ಎಲೆ ದಾಟಿದರೆ ಬಳ್ಳಿ ಬಚಾವ್.

ಹೀರೆ, ಹಾಗಲ, ಸೌತೆಯ ಕಾಯಿ ಸೊಟ್ಟಗಾಗಿ ಒಳಗೆ ಹುಳ ಇದ್ದರೆ ಅದು ಹಣ್ಣು ನೊಣದ ಕೆಲಸ. ಅಂಗಡಿಯಲ್ಲಿ ಮೋಹಕ ಬಲೆ ಸಿಗುತ್ತದೆ. ಕೇಳುವಾಗ "ಕ್ಯೂ ಲ್ಯೂರ್" ಎಂದೇ ಕೇಳಿ. ಮಾವಿನ ನೊಣಕ್ಕೆ ಇಡುವ ಮೀಥೈಲ್ ಯೂಜಿನಾಲ್ ಬೇರೆ. ಅದನ್ನು ಹೀರೆ ಚಪ್ಪರಕ್ಕೆ ಕಟ್ಟಿ ಬಲೆಯಲ್ಲಿ ನೊಣ ತುಂಬಿದೆ ಎಂದು ಖುಷಿಪಟ್ಟರೆ, ಕಾಯಿ ಕೊರೆಯುವ ನೊಣ ಪಕ್ಕದಲ್ಲೇ ಆರಾಮಾಗಿರುತ್ತದೆ. ಹುಳ ಬಿದ್ದ ಕಾಯಿಯನ್ನು ಗೊಬ್ಬರದ ಗುಂಡಿಗೆ ಎಸೆಯಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಲ್ಲಿಡಿ. ಹಾಗಲದ ಎಳೆಗಾಯಿಗೆ ಪೇಪರ್ ಕೊಟ್ಟೆ ಕಟ್ಟಿದರೂ ಸಾಕು.

ಬೆಂಡೆ ಎಲೆಯ ನರ ಹಳದಿಯಾದರೆ, ಟೊಮ್ಯಾಟೊ ಎಲೆ ಮೇಲಕ್ಕೆ ಮುದುಡಿ ಗಿಡ ಕುಬ್ಜವಾದರೆ ಅದು ನಂಜು. ಅದನ್ನು ಬಿಳಿ ನೊಣ ಹರಡುತ್ತದೆ. ಮದ್ದಿಲ್ಲ. ಕಂಡ ದಿನವೇ ಆ ಗಿಡ ಕಿತ್ತು ಸುಡಿ. ಉಳಿದವಕ್ಕೆ ಹಳದಿ ಅಂಟು ಹಾಳೆ ಕಟ್ಟಿ. ಲೀಟರ್ ನೀರಿಗೆ ಐದು ಎಂಎಲ್ ಬೇವಿನೆಣ್ಣೆ, ಕರಗಲು ಚೂರು ಸೋಪು ಬೆರೆಸಿ ಸಂಜೆ ಎಲೆಯ ಅಡಿಗೆ ಹೊಡೆಯಿರಿ, ವಾರಕ್ಕೊಮ್ಮೆ. ಬದನೆಯ ಕುಡಿ ಬಾಡಿ ಜೋತುಬಿದ್ದರೆ ಒಳಗೆ ಹುಳ ಇದೆ. ಒಂದು ಗೇಣು ಕೆಳಗೆ ಕತ್ತರಿಸಿ, ಸುಟ್ಟುಬಿಡಿ.

ಮಲೆನಾಡಿನಲ್ಲಿ ಹೆಚ್ಚು ಹೊಟ್ಟೆ ಉರಿಸುವುದು ಸೊರಗು ರೋಗ. ನಿನ್ನೆ ಹಸಿರಾಗಿದ್ದ ಟೊಮ್ಯಾಟೊ ಅಥವಾ ಬದನೆ ಇವತ್ತು ಬಿಸಿನೀರು ಹೊಯ್ದ ಹಾಗೆ ಬಾಡಿ ನಿಂತಿರುತ್ತದೆ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವ ಹಾಗೆ ಹಿಡಿಯಿರಿ. ಹಾಲಿನಂಥ ಎಳೆ ಇಳಿದರೆ ದುಂಡಾಣು ಸೊರಗು. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮ್ಯಾಟೊ, ಬದನೆ, ಮೆಣಸು, ಆಲೂಗಡ್ಡೆ ನಾಲ್ಕೂ ಬೇಡ. ಬೆಂಡೆ, ಅಲಸಂದೆ, ಸೊಪ್ಪು ಹಾಕಿ. ಬದನೆಯನ್ನು ಸುಂಡೆ ಗಿಡಕ್ಕೆ ಕಸಿ ಕಟ್ಟಿದ ಪೈರು ಸಿಕ್ಕಿದರೆ ಅದು ಬದುಕುತ್ತದೆ.

ಮಂಗಗಳಿಗೆ ನನ್ನ ಹತ್ತಿರ ಮದ್ದಿಲ್ಲ. ತವರಿನಲ್ಲಿ ಅಮ್ಮ ಸೋತು ಬೆಳೆಯನ್ನೇ ಬದಲಿಸಿದರು. ಹಾಗಲ, ಮೆಣಸು, ಕೆಸುವನ್ನು ಅವು ಅಷ್ಟಾಗಿ ಮುಟ್ಟುವುದಿಲ್ಲ. ಟೊಮ್ಯಾಟೊ, ಸೌತೆ, ಹುರುಳಿಕಾಯಿ ಹಾಕಿದರೆ ಮಂಗಗಳಿಗೆ ಊಟಕ್ಕೆ ಕರೆದ ಹಾಗೆ.

ಗುಡುಗು ಮಳೆಯಿಂದ ಮುಂಗಾರಿನವರೆಗೆ

ಏಪ್ರಿಲ್ ಕೊನೆಗೆ ಭರಣಿ ಮಳೆ. ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಅದರ ಜೊತೆ ಆಲಿಕಲ್ಲೂ ಬರುತ್ತದೆ, ಐದು ನಿಮಿಷದಲ್ಲಿ ಸೌತೆ ಎಲೆಯೆಲ್ಲ ಜರಡಿ. ಕೈಚೆಲ್ಲಬೇಡಿ. ಹರಿದ ಎಲೆಯನ್ನು ತಕ್ಷಣ ತೆಗೆಯಬೇಡಿ, ಒಂದು ವಾರ ಬಿಟ್ಟು ಹೊಸ ಚಿಗುರು ಕಂಡ ಮೇಲೆ ತೆಗೆಯಿರಿ.

ಮೊದಲೆರಡು ಮಳೆಗೆ ಮಾಡಬೇಕಾದ ಕೆಲಸ ಮಣ್ಣು ಏರಿಸುವುದು, ಆಗಲೇ ಹೇಳಿದೆ. ಜೊತೆಗೆ ಒಂದು ಹಿಡಿ ಎರೆಗೊಬ್ಬರ. ಭರಣಿ, ಕೃತ್ತಿಕೆಯ ಹದಕ್ಕೆ ಕೆಸು, ಸುವರ್ಣಗೆಡ್ಡೆ, ಅರಿಸಿನ, ಶುಂಠಿ ಮಣ್ಣಿಗೆ ಹೋಗಲಿ. ಇವು ಮಳೆಗಾಲದ ಬಾಡಿಗೆದಾರರು. ಮೇ ತಿಂಗಳಲ್ಲಿ ರಾತ್ರಿ ಬಸವನಹುಳು ಹೊರಡುತ್ತವೆ. ಒದ್ದೆ ಗೋಣಿಯ ಕೆಳಗೆ ಎಲೆಕೋಸಿನ ಸಿಪ್ಪೆ ಇಟ್ಟರೆ ಬೆಳಗ್ಗೆ ಎಲ್ಲ ಅಲ್ಲೇ ಗುಂಪಾಗಿ ಸಿಗುತ್ತವೆ. ಬರಿಗೈಯಲ್ಲಿ ಮುಟ್ಟಬೇಡಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಿ.

ಮೇ ಕೊನೆಯ ವಾರ ಟೊಮ್ಯಾಟೊದಲ್ಲಿ ಬಣ್ಣ ತಿರುಗಲು ಶುರುವಾದ ಕಾಯಿಗಳನ್ನೆಲ್ಲ ಕಿತ್ತುಬಿಡಿ, ಪೇಪರಿನಲ್ಲಿ ಸುತ್ತಿಟ್ಟರೆ ಮನೆಯಲ್ಲೇ ಹಣ್ಣಾಗುತ್ತವೆ. ಹಸಿರು ಕಾಯಿ ಗೊಜ್ಜಿಗೆ. ಗಿಡ ಕಿತ್ತು ಹಿತ್ತಲಿನಿಂದ ಹೊರಗೆ ಸಾಗಿಸಿ.

ಇನ್ನು ಸಾಂಬಾರ್ ಸೌತೆ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ. ನೆಲಕ್ಕೆ ಒಣ ಟಿಸಿಲು ಹಾಸಿ ಅದರ ಮೇಲೆ ಬಳ್ಳಿ ಹರಡಿದರೆ ಸಾಕು, ಚಪ್ಪರ ಬೇಡ. ಕಾಯಿ ಪೂರ್ತಿ ಹಳದಿಯಾಗಿ, ತೊಟ್ಟು ಒಣಗಿದ ಮೇಲೆ, ಬಿಸಿಲಿನ ದಿನ ನೋಡಿ ಎರಡು ಬೆರಳು ತೊಟ್ಟು ಬಿಟ್ಟು ಕತ್ತರಿಸಿ. ತೊಳೆಯಬೇಡಿ. ಗೀರು ಬಿದ್ದದ್ದನ್ನು ಮೊದಲು ಅಡುಗೆಗೆ ತೆಗೆದಿಡಿ. ಉಳಿದದ್ದನ್ನು ಬಾಳೆನಾರಿನಲ್ಲಿ ಒಂದಕ್ಕೊಂದು ತಾಗದ ಹಾಗೆ ಕಟ್ಟಿ, ಗಾಳಿಯಾಡುವ ಕಡೆ ತೊಲೆಗೆ ತೂಗುಹಾಕಿ. ನಮ್ಮ ಮನೆಯಲ್ಲಿ ತೊಲೆ ಎಲ್ಲಿ ಬರಬೇಕು, ಆರ್‌ಸಿಸಿ. ಅತ್ತೆ ಸ್ಟೋರ್‌ರೂಮಿನ ಕಿಟಕಿ ಸರಳಿನಿಂದ ಸರಳಿಗೆ ಬಿದಿರಿನ ಗಳ ಕಟ್ಟಿಸಿದ್ದಾರೆ. ಹೋದ ವರ್ಷ ಹದಿನೆಂಟು ಕಾಯಿ ತೂಗಿದ್ದೆವು. ಜಡಿಮಳೆಯಲ್ಲಿ ಸಂತೆಗೆ ಹೋಗಲು ಮನಸ್ಸಿಲ್ಲದ ದಿನಗಳಲ್ಲಿ ಒಂದೊಂದೇ ಇಳಿಯುತ್ತಾ ಬಂದವು. ಕೊನೆಯದು ಗೌರಿ ಹಬ್ಬದ ಹುಳಿಗೆ ಬಿತ್ತು, ಬೀಜ ಬೂದಿಯಲ್ಲಿ ಉಜ್ಜಿ ಗೋಡೆಗೆ ಅಂಟಿಸಿದ್ದೇವೆ.